ಮೆಷಿನ್ ಸದ್ದು ಕೊಡುತ್ತದೆ, ಮಾತು ಮನೆಯಿಂದ ಬರಬೇಕು

ಸೊರಬದ ತಾಯಿಗೆ,

ಮೂರು ವರ್ಷದ ಮಗನಿಗೆ ಶ್ರವಣ ಸಾಧನ ಹಾಕಿಸಿ ಎರಡು ತಿಂಗಳಾದರೂ ಮಾತು ಬಂದಿಲ್ಲವೆಂದು ಕಂಗಾಲಾಗಿದ್ದೀರಿ. ಅವನ ಕಿವಿಗೆ ಈಗ ಎರಡೇ ತಿಂಗಳ ವಯಸ್ಸಮ್ಮಾ. ಎರಡು ತಿಂಗಳ ಕೂಸು ಮಾತಾಡುತ್ತದೆಯೇ?

ದೋಸೆ ಹುಯ್ಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಿಟ್ಟು ‘ಚುಂಯ್’ ಎಂದೊಡನೆ ನಿಮ್ಮ ಕಿವಿ ಮುಟ್ಟಿ ತೋರಿಸಿ. ‘ದೋಸೆ ಬೇಕಾ?’ ಎಂದು ಕೇಳಿ, ಕಾಯಿರಿ. ಬಿಡಿ ಪದ ಸಾಲದು, ಪೂರ್ತಿ ವಾಕ್ಯ ಆಡಿ. ಬಂದ, ಬಂದಳು, ಬಂದರು: ಕನ್ನಡದ ವ್ಯತ್ಯಾಸವೆಲ್ಲ ಪದದ ಬಾಲದಲ್ಲಿದೆ, ನಾವು ಅದನ್ನೇ ನುಂಗಿಬಿಡುತ್ತೇವೆ. ತುಟಿ ನೋಡಿ ಕಲಿಯಲಿ ಎಂದು ಬಿಡಲೂ ಆಗದು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಅವನು ಕೈಸನ್ನೆ ಮಾಡಿದರೆ ಗದರಬೇಡಿ, ಅದೂ ಭಾಷೆಯೇ.

ಮಲೆನಾಡ ಮಳೆಗಾಲದ ತೇವ ಮೆಷಿನ್ನಿಗೆ ಶತ್ರು. ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಪೊಟ್ಟಣವಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಗು ಬೆಳೆದಂತೆ ಕಿವಿಯ ಅಚ್ಚು ಸಡಿಲವಾಗಿ ಸಿಳ್ಳೆ ಹೊಡೆಯುತ್ತದೆ. ಆಗ ಹೊಸ ಅಚ್ಚು ಮಾಡಿಸಿ.

ಶಿಕಾರಿಪುರದ ತವರಿನವರು ‘ಐದಾದ ಮೇಲೆ ತಾನೇ ಬರುತ್ತೆ’ ಎನ್ನುತ್ತಾರಂತೆ. ಇದೊಂದನ್ನು ಮಾತ್ರ ಕೇಳಬೇಡಿ. ಮಿದುಳು ಭಾಷೆಯನ್ನು ಚುರುಕಾಗಿ ಹಿಡಿಯುವ ವರ್ಷಗಳು ಇವೇ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪೂರ್ವ ಪ್ರಾಥಮಿಕ ಶಾಲೆಯಲ್ಲಿ ಮಗುವಿನ ಜೊತೆ ತಾಯಿಗೂ ತರಬೇತಿ ಇದೆ. ದೂರ ನಿಜ, ಆದರೂ ಒಮ್ಮೆ ಹೋಗಿ ಬನ್ನಿ.

ಮುಂದೆ ಶಾಲೆಯವರು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಮ್ಮ ಕಡೆಗಿದೆ. ಮಗನಿಗೆ ಮುಂದಿನ ಸಾಲಿನಲ್ಲಿ ಜಾಗ ಕೇಳಿ, ಬೋರ್ಡಿನತ್ತ ತಿರುಗಿ ಪಾಠ ಹೇಳಬೇಡಿ ಎಂದು ಮೇಷ್ಟ್ರಿಗೆ ಧೈರ್ಯವಾಗಿ ಹೇಳಿ.