ಅಂಕಪಟ್ಟಿ ಬರುವ ಮುಂಚೆ ಆಗಬೇಕಾದ ಕೆಲಸ

ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಈ ಮಾತು. ಈಗಾಗಲೇ ಪಿಯುಸಿಗೆ ಕಾಲಿಟ್ಟವರಿಗೂ ತಡವಾಗಿಲ್ಲ.

ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಬುದ್ಧಿ ಸಾಲದೆ ಓದು ನಿಲ್ಲಿಸಿದ ಮಕ್ಕಳನ್ನು ನಾನು ಕಂಡದ್ದು ಕಡಿಮೆ. ಬೇಕಾದ ಕಾಗದ ಬೇಕಾದ ದಿನ ಕೈಯಲ್ಲಿರಲಿಲ್ಲ, ಮನೆಯಲ್ಲಿ ಎಷ್ಟು ದುಡ್ಡಿದೆ ಎಂಬುದು ಕೊನೇ ಗಳಿಗೆಯವರೆಗೂ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ ಓದು ಬಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ. ‘ರಿಸಲ್ಟ್ ಬರಲಿ, ಆಮೇಲೆ ನೋಡೋಣ’ ಎನ್ನುವುದು ನಮ್ಮ ಮನೆಗಳ ರೂಢಿ. ಆಮೇಲೆ ನೋಡಲು ಸಿಗುವುದು ಕೆಲವೇ ವಾರ. ಅಷ್ಟರಲ್ಲಿ ಕಾಲೇಜು ಹುಡುಕಬೇಕು, ನಾಡಕಚೇರಿಗೆ ಅಲೆಯಬೇಕು, ದುಡ್ಡು ಹೊಂದಿಸಬೇಕು. ಆ ಗಡಿಬಿಡಿಯಲ್ಲಿ ಯಾರೋ ನೆಂಟರು ಹೇಳಿದ ಕೋರ್ಸಿಗೆ, ಯಾವುದೋ ಏಜೆಂಟು ತೋರಿಸಿದ ಕಾಲೇಜಿಗೆ ಸೇರಿಬಿಡುತ್ತೀರಿ.

ಅದಕ್ಕೇ ಮೊದಲ ಕೆಲಸ ಮನೆಯಲ್ಲೇ ಇದೆ. ಒಂದು ಸಂಜೆ ಅಪ್ಪ ಅಮ್ಮನ ಎದುರು ಕೂತು ಕೇಳಿ: ‘ನನ್ನ ಓದಿಗೆ ವರ್ಷಕ್ಕೆ ಎಷ್ಟು ಕೊಡೋಕಾಗುತ್ತೆ?’ ಬಹಳಷ್ಟು ತಂದೆ ತಾಯಿ, ‘ನೀನು ಓದು, ದುಡ್ಡಿನ ಯೋಚನೆ ನಮಗಿರಲಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಆ ಮಾತಿನ ಹಿಂದಿರುವ ಪ್ರೀತಿ ನನಗೆ ಗೊತ್ತು. ಆದರೆ ಅದೇ ಮಾತಿನ ಹಿಂದೆ ಅಡವಿಟ್ಟ ಒಡವೆ ಇರುತ್ತದೆ, ಕೈಸಾಲ ಇರುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಅದು ಶೇ 36. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಹೋಲಿಸಿದರೆ ಮೂರು ಪಟ್ಟಿಗೂ ಹೆಚ್ಚು. ಲೆಕ್ಕ ಬಲ್ಲ ಮಗನೋ ಮಗಳೋ ಮನೆಯಲ್ಲಿದ್ದೂ ಈ ಲೆಕ್ಕ ಯಾರೂ ಹಾಕಲಿಲ್ಲ ಎಂದಾಗಬಾರದು. ಹದಿನೈದು ವರ್ಷದ ಮಕ್ಕಳಿಗೆ ಮನೆಯ ಸ್ಥಿತಿ ತಿಳಿದರೆ ಅವರು ಕುಗ್ಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತಾರೆ. ಇದು ನಾನು ಕಣ್ಣಾರೆ ಕಂಡ ಮಾತು.

ಇನ್ನು ಯಾವ ಓದು ಎಂಬುದು. ಎಸ್ಸೆಸ್ಸೆಲ್ಸಿಯಲ್ಲಿ ಶೇ 85 ದಾಟಿದರೆ ಸೈನ್ಸ್, ಅದಕ್ಕಿಂತ ಕಡಿಮೆಯಾದರೆ ಕಾಮರ್ಸ್, ಇನ್ನೂ ಕಡಿಮೆಯಾದರೆ ಆರ್ಟ್ಸ್ ಎಂದು ಅಂಕ ನೋಡಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಪದ್ಧತಿ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಅಂಕ ಹೇಳುವುದು ನೀವು ಎಷ್ಟು ಓದಿದಿರಿ ಎಂಬುದನ್ನು ಮಾತ್ರ. ಯಾವ ಕೆಲಸದಲ್ಲಿ ನಿಮಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ.

ನಮ್ಮ ಶಾಲೆಯ ಒಬ್ಬ ಹುಡುಗ ಪಾಠದಲ್ಲಿ ಸಾಧಾರಣ, ಕೈಕೆಲಸದಲ್ಲಿ ಚುರುಕು. ಕೆಟ್ಟ ಬೋರ್‌ವೆಲ್ ಮೋಟರು ಬಿಚ್ಚಿ ಜೋಡಿಸುತ್ತಿದ್ದ. ಅವನು ಪಿಯುಸಿಗೆ ಹೋಗದೆ ಜಿಟಿಟಿಸಿ ಸೇರಿದ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಎಂದು ಅದರ ಪೂರ್ತಿ ಹೆಸರು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು, ಈಗ ರಾಜ್ಯದ ಹಲವು ಊರುಗಳಲ್ಲಿದೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಲ್ಲಿ ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಒಮ್ಮೆ ಅವನನ್ನು ನೋಡಲು ಹೋಗಿದ್ದೆ. ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜುವುದು, ಮೈಕ್ರೋಮೀಟರಿನಲ್ಲಿ ಅಳೆಯುವುದು, ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚಿದ್ದರೆ ಮತ್ತೆ ಉಜ್ಜುವುದು. ನನ್ನ ತರಗತಿಯಲ್ಲಿ ದಶಮಾಂಶ ಎಂದರೆ ಕಿಟಕಿಯಾಚೆ ನೋಡುತ್ತಿದ್ದವನು ಅಲ್ಲಿ ದಶಮಾಂಶದ ಎರಡನೇ ಸ್ಥಾನದ ಮೇಲೆ ಕಣ್ಣು ನೆಟ್ಟು ನಿಂತಿದ್ದ.

ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಹಾಗಾಗಿ ಡಿಪ್ಲೊಮಾ ಅಂದರೆ ಮುಂದಿನ ದಾರಿ ಮುಚ್ಚಿತು ಎಂದೇನಲ್ಲ. ಮೇಷ್ಟ್ರಾಗಬೇಕು ಅನ್ನಿಸಿದವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ಬಿ.ಇಡಿ. ಎರಡೂ ಸೇರಿ ನಾಲ್ಕೇ ವರ್ಷ. ಅದೇ ಊರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಆಯಿಷ್ ಎನ್ನುತ್ತಾರೆ. ಮಾತು ಬಾರದ, ಕಿವಿ ಕೇಳದ ಮಕ್ಕಳಿಗೆ ಚಿಕಿತ್ಸೆ ಕೊಡುವ ವಿದ್ಯೆ ಅಲ್ಲಿ ಕಲಿಸುತ್ತಾರೆ. ವಿಜ್ಞಾನ ಓದಿ ಡಾಕ್ಟರೋ ಎಂಜಿನಿಯರೋ ಎಂದು ಎರಡೇ ಬಾಗಿಲು ಎಣಿಸುವ ಮಕ್ಕಳಿಗೆ ಇಂಥವುಗಳ ಹೆಸರೇ ಗೊತ್ತಿರುವುದಿಲ್ಲ. ನಿಮ್ಮೂರಿನ ಬ್ಯಾಂಕು, ಆಸ್ಪತ್ರೆ, ಕೋರ್ಟು, ಪಶು ಚಿಕಿತ್ಸಾಲಯ, ರೈತ ಸಂಪರ್ಕ ಕೇಂದ್ರಗಳಿಗೆ ಹೋಗಿ ಅಲ್ಲಿರುವವರನ್ನು, ‘ಸರ್, ನೀವು ಏನು ಓದಿ ಇಲ್ಲಿಗೆ ಬಂದ್ರಿ?’ ಎಂದು ಕೇಳಿ. ನಾಲ್ಕು ಜನರನ್ನು ಕೇಳಿದರೆ ನಾಲ್ಕು ದಾರಿ ತಿಳಿಯುತ್ತವೆ.

ಈಗ ಕಾಗದಪತ್ರದ ವಿಷಯ. ಇದು ಬೇಸರದ ವಿಷಯ ಎಂದು ಪುಟ ತಿರುಗಿಸಬೇಡಿ. ಆಧಾರ್, ಶಾಲಾ ದಾಖಲಾತಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಶಾಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಒಂದು ಕಡೆ ಮಂಜುನಾಥ, ಇನ್ನೊಂದು ಕಡೆ ಮಂಜುನಾಥ್. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಯಾತನೆ. ಒಂಬತ್ತನೇ ತರಗತಿಯಲ್ಲೇ ಹೆಡ್‌ಮಾಸ್ಟರ ಹತ್ತಿರ ಹೋಗಿ ದಾಖಲಾತಿಯಲ್ಲಿ ಏನಿದೆ ಎಂದು ಕಣ್ಣಾರೆ ನೋಡಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಅದಕ್ಕೆ ಆಧಾರ್ ಸೀಡಿಂಗ್ ಆಗಿದೆಯೇ ಎಂದು ಮ್ಯಾನೇಜರರನ್ನು ಕೇಳಿ. ವಿದ್ಯಾರ್ಥಿವೇತನದ ಹಣ ಬರುವುದು ಆ ಖಾತೆಗೇ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಗಳಲ್ಲೆಲ್ಲ ಕೇಳುತ್ತಾರೆ. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ (ಪಿಯುಸಿ ನಂತರದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬೇರೆಯೇ ಇದೆ. ಇವನ್ನು ಸಿಇಟಿ ಅರ್ಜಿ ತುಂಬುವಾಗಲೇ ಕೋರಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಹತ್ತು ವರ್ಷ ಕನ್ನಡದಲ್ಲೇ ಓದಿ, ಅದಕ್ಕೊಂದು ವ್ಯಾಸಂಗ ಪ್ರಮಾಣಪತ್ರ ಮಾಡಿಸಿಕೊಳ್ಳದೆ ಆ ಹಕ್ಕು ಕೈಬಿಟ್ಟ ಮಕ್ಕಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಟಿ.ಸಿ. ತೆಗೆದುಕೊಳ್ಳುವ ದಿನವೇ ಈ ಪ್ರಮಾಣಪತ್ರವನ್ನೂ ಕೇಳಿ ಪಡೆದು, ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಡಿ.

ನೆರವು ಎಲ್ಲೆಲ್ಲಿದೆ ಎಂದು ಕೇಳುತ್ತೀರಿ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ ₹12,000 ಬರುತ್ತದೆ; ತಮ್ಮ ತಂಗಿಯರಿದ್ದರೆ ಅವರಿಗೆ ತಪ್ಪದೆ ತಿಳಿಸಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿವರ್ಷವೂ ಅರ್ಜಿ ಹಾಕಬೇಕು. ಮೊದಲ ವರ್ಷ ಬಂತೆಂದು ಎರಡನೇ ವರ್ಷ ಸುಮ್ಮನಿದ್ದರೆ ತಾನಾಗಿ ಬರುವುದಿಲ್ಲ. ಹಿಂದುಳಿದ ವರ್ಗದ ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆ ಊಟ ವಸತಿಗೆಂದು ತಿಂಗಳು ತಿಂಗಳು ಹಣ ಕೊಡುವ ಯೋಜನೆ ವಿದ್ಯಾಸಿರಿ. ಕಟ್ಟಡ ಕೆಲಸದವರ ಮಕ್ಕಳಾದರೆ ಅಪ್ಪನದೋ ಅಮ್ಮನದೋ ಕಾರ್ಮಿಕ ಕಾರ್ಡ್ ನವೀಕರಣ ಆಗಿದೆಯೇ ನೋಡಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಓದಿಗೆ ಸಹಾಯಧನವಿದೆ. ಹತ್ತು ಮತ್ತು ಹನ್ನೆರಡನ್ನು ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಪದವಿಗೋ ಡಿಪ್ಲೊಮಾಕ್ಕೋ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ ₹30,000. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್‌ಎನ್‌ಕ್ಯು ಎಂಬ ಶೇ 5 ಹೆಚ್ಚುವರಿ ಸೀಟುಗಳಿವೆ, ಅವಕ್ಕೆ ಬೋಧನಾ ಶುಲ್ಕವೇ ಇಲ್ಲ. ಆದಾಯದ ಮಿತಿ ಒಂದೊಂದಕ್ಕೆ ಒಂದೊಂದು ತರಹ, ಕೆಲವು ವರ್ಷಕ್ಕೊಮ್ಮೆ ಬದಲಾಗುವುದೂ ಉಂಟು. ಆಯಾ ವರ್ಷದ ಪ್ರಕಟಣೆಯನ್ನು ನೀವೇ ಓದಿ, ಸೈಬರ್ ಸೆಂಟರಿನವರ ಬಾಯಿಮಾತು ನಂಬಬೇಡಿ.

ನೆರವು ಕೇಳಲು ನಾಚಿಕೆ ಬೇಡ. ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತದ್ದು ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನದಲ್ಲಿ. ನಮ್ಮ ಹಿರಿಯರ ತಲೆಮಾರಿನಲ್ಲಿ ವಾರಾನ್ನ (ದಿನಕ್ಕೊಂದು ಮನೆಯ ಊಟ) ಉಂಡು ಓದಿದವರು ಎಷ್ಟೋ ಜನ. ಸಿದ್ಧಗಂಗೆಯಂಥ ಮಠಗಳಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಂಡು, ಅಲ್ಲೇ ಇದ್ದು ಓದುತ್ತಿದ್ದಾರೆ.

ಸಿಇಟಿ ಬರೆಯುವವರಿಗೆ ಎರಡು ಮಾತು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ ಇನ್ನರ್ಧ. ಕೋಚಿಂಗ್ ಕೋಚಿಂಗ್ ಎಂದು ಓಡಿ ಪಿಯುಸಿ ಪಠ್ಯವನ್ನು ಕಡೆಗಣಿಸಬೇಡಿ. ಎರಡನೆಯದು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯನ್ನು ಕ್ರಮವಾಗಿ ತುಂಬುವುದು. ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಒಬ್ಬ ಹುಡುಗಿ ತನ್ನ ಪಟ್ಟಿ ತಂದು ನನಗೆ ತೋರಿಸಿದಳು. ಅವಳಿಗೆ ಇಷ್ಟವಾದ ಕಾಲೇಜು ಒಂಬತ್ತನೇ ಸಾಲಿನಲ್ಲಿತ್ತು. ‘ಯಾಕಮ್ಮಾ ಇಷ್ಟು ಕೆಳಗೆ ಬರೆದಿದ್ದೀಯ?’ ಎಂದೆ. ‘ಅದು ಸಿಗೋದು ಕಷ್ಟ ಮಿಸ್, ಸುಲಭವಾಗಿ ಸಿಗೋದನ್ನ ಮೇಲೆ ಬರ್ದೆ’ ಎಂದಳು. ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತದೆ. ನಿಮ್ಮ ರ‍್ಯಾಂಕಿಗೆ ಮೊದಲು ಎಲ್ಲಿ ಸೀಟು ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ, ಕೆಳಗಿನದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಸುಲಭದ್ದನ್ನು ಮೇಲೆ ಬರೆದರೆ ಅದೇ ಗಂಟುಬೀಳುತ್ತದೆ. ಕಷ್ಟದ್ದನ್ನು ಮೇಲೆ ಬರೆದು ಅದು ಸಿಗದಿದ್ದರೆ ನಷ್ಟವೇನೂ ಇಲ್ಲ, ಮುಂದಿನ ಸಾಲಿಗೆ ಹೋಗುತ್ತದೆ. ನಿಮಗೆ ಎಷ್ಟು ಇಷ್ಟವೋ ಆ ಕ್ರಮದಲ್ಲೇ ಬರೆಯಿರಿ, ಉದ್ದಕ್ಕೆ ಬರೆಯಿರಿ, ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜನ್ನು ಮಾತ್ರ ಬರೆಯಬೇಡಿ. ಅಣಕು ಸೀಟು ಹಂಚಿಕೆ ಬಂದಾಗ ನೋಡಿಕೊಂಡು ಪಟ್ಟಿ ತಿದ್ದಲು ಅವಕಾಶವಿದೆ. ಆ ಹುಡುಗಿ ಪಟ್ಟಿಯನ್ನು ತಲೆಕೆಳಗು ಮಾಡಿ ಬರೆದಳು.

ಸಾಲ ಮಾಡಲೇಬೇಕಾದರೆ ಬ್ಯಾಂಕಿನಲ್ಲಿ ಮಾಡಿ, ಲೆಕ್ಕ ಹಾಕಿ ಮಾಡಿ. ₹4 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುವುದಿಲ್ಲ. ವರ್ಷಕ್ಕೆ ₹1 ಲಕ್ಷದಂತೆ ನಾಲ್ಕು ವರ್ಷ ತೆಗೆದುಕೊಂಡಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಬಡ್ಡಿಯೇ ಸುಮಾರು ₹1.4 ಲಕ್ಷ ಸೇರಿರುತ್ತದೆ. ಒಟ್ಟು ₹5.4 ಲಕ್ಷವನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು ₹9,000 ಕಟ್ಟಬೇಕು. ಮೊದಲ ಸಂಬಳ ₹20,000 ಆದರೆ ಉಳಿಯುವುದೆಷ್ಟು ಎಂದು ಈಗಲೇ ಯೋಚಿಸಿ. ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತಾ ಹೋದರೆ ಹೊರೆ ಬಹಳ ಇಳಿಯುತ್ತದೆ. ಮೊದಲ ವರ್ಷ ಅದು ತಿಂಗಳಿಗೆ ₹850ರ ಒಳಗೇ ಇರುತ್ತದೆ. ಮನೆಯ ಆದಾಯ ವರ್ಷಕ್ಕೆ ₹4.5 ಲಕ್ಷದೊಳಗಿದ್ದರೆ ಓದುವ ಕಾಲದ ಬಡ್ಡಿಗೆ ಕೇಂದ್ರದ ಸಹಾಯಧನ ಯೋಜನೆಯಿದೆ. ನಿಮ್ಮ ಕಾಲೇಜು, ಕೋರ್ಸು ಅದಕ್ಕೆ ಸೇರುತ್ತವೆಯೇ ಎಂದು ಸಹಿ ಹಾಕುವ ಮುಂಚೆ ಬ್ಯಾಂಕಿನವರನ್ನು ಕೇಳಿ. ಮ್ಯಾನೇಜ್‌ಮೆಂಟ್ ಸೀಟಿಗೆಂದು ಜಮೀನು ಮಾರುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅದೇ ಕೋರ್ಸು ಬೇರೆ ಊರಿನ ಸರ್ಕಾರಿ ಕಾಲೇಜಿನಲ್ಲಿ ಸಿಗುತ್ತದೆಯೇ ಎಂದು ಮೊದಲು ಹುಡುಕಿ.

ಅಂಕ ಕಡಿಮೆ ಬಂತೆಂದು ಕುಸಿಯಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು.

ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಹೇಳಬೇಕು. ಪಿಯುಸಿ ಮುಗಿಯುತ್ತಿದ್ದಂತೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗುತ್ತದೆ. ‘ಕಾಲೇಜು ದೂರ, ಬಸ್ ಚಾರ್ಜು, ಹಾಸ್ಟೆಲಿನಲ್ಲಿ ಹೇಗಿರ್ತಾಳೋ’ ಎಂಬ ಕಾರಣಗಳು ಬರುತ್ತವೆ. ಅತ್ತು ಜಗಳವಾಡಿದರೆ ಮಾತು ಕೆಡುತ್ತದೆ. ಒಂದೊಂದು ಕಾರಣಕ್ಕೂ ಉತ್ತರ ಸಿದ್ಧಮಾಡಿಕೊಂಡಿರಿ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನೀವು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಬಾಲಕಿಯರ ಹಾಸ್ಟೆಲಿಗೆ ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿ ಅಡುಗೆಮನೆ, ಮಲಗುವ ಕೋಣೆ, ವಾರ್ಡನ್ ಮೂರನ್ನೂ ತೋರಿಸಿ. ಅಮ್ಮ ಒಪ್ಪಿದರೆ ಅರ್ಧ ಕೆಲಸ ಆದಂತೆ. ವಿದ್ಯಾರ್ಥಿವೇತನದ ಮೊತ್ತ ಕೂಡಿಸಿ, ಮನೆಯಿಂದ ಬೇಕಾದದ್ದು ಇಷ್ಟೇ ಎಂದು ಬರೆದು ಅಪ್ಪನ ಕೈಗೆ ಕೊಡಿ. ಆಗಲೂ ಒಪ್ಪದಿದ್ದರೆ ನಿಮಗೆ ಪಾಠ ಹೇಳಿದ ಮೇಷ್ಟ್ರನ್ನೋ ಮೇಡಮ್ಮನ್ನೋ ಮನೆಗೆ ಕರೆಯಿರಿ, ಸಂಕೋಚ ಬೇಡ. ನಾನು ಹಾಗೆ ಎಷ್ಟೋ ಮನೆಗಳ ಜಗಲಿಯ ಮೇಲೆ ಕೂತು ಮಾತಾಡಿದ್ದೇನೆ. ಮೊದಲ ಸಲ ಕಾಫಿ ಕೊಟ್ಟು ಸಾಗಹಾಕಿದ ತಂದೆಯರು ಎರಡನೇ ಸಲ ಹೋದಾಗ ಫೀಸು ಎಷ್ಟಾಗುತ್ತದೆ ಎಂದು ತಾವೇ ಕೇಳಿದ್ದುಂಟು.