ಎಚ್‌ಐವಿಯೊಡನೆ ಕ್ಷಯ: ಬಿಡದೆ ಪಡೆದ ಚಿಕಿತ್ಸೆಯೇ ಜೀವರಕ್ಷೆ

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎಂಟನೆಯ ಅಧ್ಯಾಯವು ರಾಜಯಕ್ಷ್ಮವನ್ನು ಕುರಿತದ್ದು. ಶಕ್ತಿಮೀರಿದ ದುಡಿಮೆ, ವೇಗಗಳ ತಡೆ, ಧಾತುಕ್ಷಯ, ವಿಷಮಾಹಾರ ಇವೇ ಅದಕ್ಕೆ ಕಾರಣಗಳೆಂದು ಆಚಾರ್ಯರು ಹೇಳಿದ್ದಾರೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಎಂಬ ವಿಜ್ಞಾನಿಯು ಈ ರೋಗದ ಅಣುಜೀವಿಯನ್ನು ಜಗತ್ತಿಗೆ ತಿಳಿಸಿದನು. ಅಣುಜೀವಿ ಬೀಜವಾದರೆ ಬಲಗುಂದಿದ ದೇಹವೇ ಹೊಲ. ಎಚ್‌ಐವಿಯು ದೇಹದ ರಕ್ಷಣಾಬಲವನ್ನೇ ಕುಂದಿಸುವುದರಿಂದ ಅಡಗಿದ್ದ ಕ್ಷಯವು ಅಲ್ಲಿ ಸುಲಭವಾಗಿ ತಲೆಯೆತ್ತುತ್ತದೆ. ಎಚ್‌ಐವಿ ಸೋಂಕಿತರ ಮರಣಕ್ಕೆ ಇಂದಿಗೂ ಕ್ಷಯವೇ ಪ್ರಮುಖ ಕಾರಣವಾಗಿದೆ.

ಇತರರಲ್ಲಿ ಎರಡು ವಾರ ಮೀರಿದ ಕೆಮ್ಮನ್ನು ಶಂಕಿಸುತ್ತೇವೆ. ಎಚ್‌ಐವಿ ಇರುವವರಲ್ಲಿ ಎಷ್ಟೇ ದಿನದ ಕೆಮ್ಮು, ಜ್ವರ, ತೂಕದ ಇಳಿಕೆ, ರಾತ್ರಿಯ ಬೆವರು ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಅಗತ್ಯ. ಸೂಕ್ಷ್ಮದರ್ಶಕದಲ್ಲಿ ಕಫ ಶುದ್ಧವೆಂದು ಕಂಡರೂ ರೋಗವಿರಬಹುದು. ಆದುದರಿಂದ ಸಿಬಿನ್ಯಾಟ್ ಪರೀಕ್ಷೆ ಮಾಡಿಸಬೇಕು. ಕ್ಷಯರೋಗಿಯೆಲ್ಲರೂ ಎಚ್‌ಐವಿ ಪರೀಕ್ಷೆಗೆ ಒಳಗಾಗುವುದು ಹಿತಕರ.

ಔಷಧಿಗೆ ಸ್ಪಂದಿಸುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆಯಿದೆ: ಮೊದಲ 2 ತಿಂಗಳು ನಾಲ್ಕು ಔಷಧಿಗಳು, ಮುಂದಿನ 4 ತಿಂಗಳು ಮೂರು. ಮೂತ್ರವು ಕಿತ್ತಳೆ ಬಣ್ಣವಾದರೆ ಅಂಜಬೇಕಿಲ್ಲ. ಅದು ರಿಫಾಂಪಿಸಿನ್ ಔಷಧಿಯ ಗುಣ. ಇದರ ಜೊತೆಗೆ ಎಚ್‌ಐವಿಯ ಎಆರ್‌ಟಿ ಚಿಕಿತ್ಸೆಯನ್ನೂ ಸಾಮಾನ್ಯವಾಗಿ ಎರಡು ವಾರಗಳೊಳಗೆ ಆರಂಭಿಸುತ್ತಾರೆ. ಮಿದುಳಿನ ಪೊರೆಯ ಕ್ಷಯದಲ್ಲಿ ಮಾತ್ರ ತಡಮಾಡುತ್ತಾರೆ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 642 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡೂ ಚಿಕಿತ್ಸೆಗಳನ್ನು ಕೂಡಿಸಿ ಪಡೆದವರಲ್ಲಿ ಸಾವು, ಕ್ಷಯದ ಚಿಕಿತ್ಸೆ ಮುಗಿದ ಮೇಲೆ ಎಆರ್‌ಟಿ ಪಡೆದವರಿಗಿಂತ ಶೇ. 56ರಷ್ಟು ಕಡಿಮೆಯಾಗಿತ್ತು.

ಎಆರ್‌ಟಿಯ ಮೊದಲ ವಾರಗಳಲ್ಲಿ ಕೆಲವರಿಗೆ ಜ್ವರವೂ ಗಂಟುಗಳ ಬಾವೂ ಹೆಚ್ಚಬಹುದು. ಮರಳಿದ ರಕ್ಷಣಾಬಲವು ರೋಗದೊಡನೆ ಸೆಣಸುವುದರಿಂದ ಹೀಗಾಗುವುದುಂಟು. ಆಗ ಮಾತ್ರೆ ನಿಲ್ಲಿಸದೆ ವೈದ್ಯರನ್ನು ಕಾಣಬೇಕು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆಯುರ್ವೇದದ ವೈದ್ಯನಾಗಿಯೇ ಒಂದು ಮಾತು ಸ್ಪಷ್ಟಪಡಿಸುವೆನು. ಈ ಎರಡು ರೋಗಗಳಲ್ಲಿ ಯಾವ ಕಷಾಯವೂ, ಯಾವ ಲೇಹ್ಯವೂ ಆ ಮಾತ್ರೆಗಳಿಗೆ ಬದಲಾಗಲಾರದು. ಈ ಮಾತ್ರೆಗಳು ಯಕೃತ್ತಿಗೆ ಭಾರ. ಅದರೊಡನೆ ಕೇಳದೆ ಬೇರು ಬಳ್ಳಿ ಸೇವಿಸಿದರೆ ಅಪಾಯ ಹೆಚ್ಚು. ಬೇಕೆನಿಸಿದರೆ ಎಆರ್‌ಟಿ ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು. ನಮ್ಮ ಶಾಸ್ತ್ರವು ಇಲ್ಲಿ ನೀಡುವ ನೆರವು ಪಥ್ಯದ್ದು: ಜೋಳದ ರೊಟ್ಟಿ, ಬೇಳೆ, ಹಾಲು, ಶೇಂಗಾ, ಸೊಪ್ಪು, ಹೊತ್ತಿಗೆ ಸರಿಯಾದ ಊಟ, ವಿಶ್ರಾಂತಿ. ಮದ್ಯ, ಬೀಡಿ, ಗುಟ್ಕಾಗಳನ್ನು ತ್ಯಜಿಸಬೇಕು.

ಮಾನ್ವಿ, ದೇವದುರ್ಗದ ಸೀಮೆಯಿಂದ ದುಡಿಮೆಗಾಗಿ ಬೆಂಗಳೂರಿನತ್ತ ಹೋಗುವ ಕುಟುಂಬಗಳು ಹಲವು. ಚಿಕಿತ್ಸೆ ಮುರಿಯುವುದು ಬಹುಮಟ್ಟಿಗೆ ಅಲ್ಲಿಯೇ. ಹೊರಡುವ ಮುನ್ನ ಆಸ್ಪತ್ರೆಗೆ ತಿಳಿಸಿದರೆ ಔಷಧಿಯನ್ನು ಹೋದ ಊರಿನಲ್ಲಿ ಪಡೆಯುವ ವ್ಯವಸ್ಥೆಯಾಗುತ್ತದೆ. ಎರಡೂ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಕ್ಷಯ ಪೋಷಣ ಯೋಜನೆಯಲ್ಲಿ ಆಹಾರಕ್ಕೆಂದು ತಿಂಗಳಿಗೆ ನೀಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000ಕ್ಕೆ ಏರಿಸಲಾಗಿದೆ. ಸಂದೇಹಗಳಿಗೆ 1097 ಸಂಖ್ಯೆಗೆ ಕರೆ ಮಾಡಬಹುದು.

ರೋಗಿಯನ್ನು ದೂರವಿಡುವುದು 2017ರ ಎಚ್‌ಐವಿ ಕಾಯ್ದೆಯ ಆಶಯಕ್ಕೂ ವಿರುದ್ಧ, ದಯೆಯೇ ಮೂಲವೆಂದು ನಂಬಿದ ನಮ್ಮ ಧರ್ಮಕ್ಕೂ ವಿರುದ್ಧ. ಒಂದೇ ಪಂಕ್ತಿಯಲ್ಲಿ ಉಂಡರೆ ಎಚ್‌ಐವಿ ಹರಡದು. ಭಕ್ತರು ತಮ್ಮ ಓಣಿಯ ರೋಗಿಯ ಬಳಿ ಕುಳಿತು, ಇಂದಿನ ಮಾತ್ರೆ ನುಂಗಿದಿರಾ ಎಂದು ಕೇಳಲಿ. ಅದೂ ದಾಸೋಹವೇ.