ಸೈನಿಕ ಕುಟುಂಬದ ಹಕ್ಕುಗಳು: ಯಾವ ಕಚೇರಿ, ಯಾವ ದಾಖಲೆ, ಯಾವ ಕಾನೂನು?

2001ರ ಕೊನೆಯಲ್ಲಿ ಆಪರೇಷನ್ ಪರಾಕ್ರಮ್ ಸಂದರ್ಭದಲ್ಲಿ ನೆಲಬಾಂಬ್ ತೆರವುಗೊಳಿಸುತ್ತಿದ್ದ ಕರ್ನಾಟಕದ ಸುಬೇದಾರರೊಬ್ಬರು ಹುತಾತ್ಮರಾದರು. ಆಗ ಪುಟ್ಟ ಹುಡುಗಿಯಾಗಿದ್ದ ಅವರ ಮಗಳು ಬೆಳೆದು, ಓದಿ, 2021ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಮಾಜಿ ಸೈನಿಕರ ಮೀಸಲಾತಿಯಡಿ ಅರ್ಜಿ ಹಾಕಲು ಮುಂದಾದರು. ಅದಕ್ಕೆ ಅವಲಂಬಿತರ ಗುರುತಿನ ಚೀಟಿ ಬೇಕಿತ್ತು. ಮದುವೆಯಾಗಿದೆ ಎಂಬ ಒಂದೇ ಕಾರಣಕ್ಕೆ ಚೀಟಿ ಸಿಗಲಿಲ್ಲ. ಅವರು ಹೈಕೋರ್ಟ್ ಮೆಟ್ಟಿಲೇರಿದರು. 2023ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಮದುವೆಯಾದ ಮಗಳನ್ನು ಹೊರಗಿಡುವ ಮಾರ್ಗಸೂಚಿ ಸಂವಿಧಾನದ 14 ಮತ್ತು 15ನೇ ವಿಧಿಗಳಿಗೆ ವಿರುದ್ಧವೆಂದು ಅದನ್ನು ರದ್ದುಪಡಿಸಿತು. ಇತರ ಅರ್ಹತೆಗಳಿದ್ದರೆ ಆಕೆಗೆ ಚೀಟಿ ಕೊಡಬೇಕೆಂದು ಆದೇಶಿಸಿತು. ಮಗನಿಗೆ ಅಡ್ಡಿಯಾಗದ ಮದುವೆ ಮಗಳಿಗೆ ಮಾತ್ರ ಹೇಗೆ ಅಡ್ಡಿಯಾಗುತ್ತದೆ ಎಂಬುದು ಪ್ರಕರಣದ ತಿರುಳು.

ಇದೇ ಕಾರಣಕ್ಕೆ ಹಿಂದೆ ಬರಿಗೈಯಲ್ಲಿ ಮರಳಿದ ಹೆಣ್ಣುಮಕ್ಕಳು ಇನ್ನೆಷ್ಟೋ. ಸೈನಿಕ ಕುಟುಂಬಗಳಿಗೆ ಸಿಗಬೇಕಾದ ಸವಲತ್ತು ಕೈತಪ್ಪುವುದು ಬಹುತೇಕ ಎರಡೇ ಕಾರಣಗಳಿಂದ: ದಾಖಲೆಯಲ್ಲಿನ ಕೊರತೆ ಮತ್ತು ಕೌಂಟರಿನಲ್ಲಿ ಕೇಳಿದ ‘ಆಗಲ್ಲ’ ಎಂಬ ಬಾಯಿಮಾತನ್ನೇ ಕೊನೆಯ ಮಾತೆಂದು ನಂಬುವುದು. ಈ ಎರಡನ್ನೂ ಸರಿಪಡಿಸಿಕೊಳ್ಳುವುದು ಕುಟುಂಬದ ಕೈಯಲ್ಲೇ ಇದೆ.

‘ಮಾಜಿ ಸೈನಿಕ’ ಎಂದರೆ ಯಾರು?

ಸೇನೆಯಲ್ಲಿ ದುಡಿದವರೆಲ್ಲರೂ ಕಾನೂನಿನ ಪ್ರಕಾರ ಮಾಜಿ ಸೈನಿಕರಲ್ಲ. ಭೂಸೇನೆ, ನೌಕಾಪಡೆ ಅಥವಾ ವಾಯುಪಡೆಯಲ್ಲಿದ್ದು ಪಿಂಚಣಿಯೊಂದಿಗೆ ನಿವೃತ್ತರಾದವರು, ಸೇವೆಯ ಕಾರಣದಿಂದ ಬಂದ ಅನಾರೋಗ್ಯ ಅಥವಾ ಅಂಗವೈಕಲ್ಯದಿಂದ ವೈದ್ಯಕೀಯ ಪಿಂಚಣಿಯೊಂದಿಗೆ ಬಿಡುಗಡೆಯಾದವರು, ಸಿಬ್ಬಂದಿ ಕಡಿತದಲ್ಲಿ ಹೊರಬಂದವರು, ಶೌರ್ಯ ಪ್ರಶಸ್ತಿ ಪಡೆದವರು ಮತ್ತು ಟೆರಿಟೋರಿಯಲ್ ಆರ್ಮಿಯ ಪಿಂಚಣಿದಾರರು ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಪಿಂಚಣಿಗೆ ಅರ್ಹರಾಗುವ ಮೊದಲೇ ಸ್ವಂತ ಕೋರಿಕೆಯ ಮೇಲೆ ಬಿಟ್ಟುಬಂದವರಿಗೂ ದುರ್ನಡತೆಗಾಗಿ ವಜಾಗೊಂಡವರಿಗೂ ಈ ಸ್ಥಾನ ಸಿಗದು.

ಹಳ್ಳಿಗಳಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನಿಂದ ನಿವೃತ್ತರಾದವರನ್ನೂ ಮಿಲಿಟರಿಯವರೆಂದೇ ಕರೆಯುವುದು ರೂಢಿ. ಆದರೆ ಅವು ಗೃಹ ಸಚಿವಾಲಯದ ಕೆಳಗಿನ ಪಡೆಗಳು. ಅವರಿಗೆ 2012ರಲ್ಲಿ ಕೇಂದ್ರ ಸರ್ಕಾರ ‘ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ’ ಎಂಬ ಪ್ರತ್ಯೇಕ ಸ್ಥಾನಮಾನ ನೀಡಿದೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷ ಮುಗಿಸಿ ಬರುವ ಅಗ್ನಿವೀರರಿಗೆ ಯೋಜನೆಯ ಷರತ್ತಿನಂತೆ ಪಿಂಚಣಿಯಾಗಲಿ ಮಾಜಿ ಸೈನಿಕ ಸ್ಥಾನವಾಗಲಿ ಇಲ್ಲ. ಮಕ್ಕಳನ್ನು ಭರ್ತಿಗೆ ಕಳುಹಿಸುವ ತಂದೆ ತಾಯಿ ಇದನ್ನು ಮೊದಲೇ ತಿಳಿದಿರಬೇಕು.

ಮೊದಲು ಹೋಗಬೇಕಾದ ಕಚೇರಿ

ಕೇಂದ್ರದಲ್ಲಿ ರಕ್ಷಣಾ ಸಚಿವಾಲಯದ ಕೇಂದ್ರೀಯ ಸೈನಿಕ ಮಂಡಳಿ ಇದೆ. ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಅದರ ಕೇಂದ್ರ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಭವನ. ಜನರ ನಿತ್ಯದ ಕೆಲಸವೆಲ್ಲ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ನಡೆಯುತ್ತದೆ. ಕೆಲವು ಕಚೇರಿಗಳು ಒಂದಕ್ಕಿಂತ ಹೆಚ್ಚು ಜಿಲ್ಲೆಗಳನ್ನು ನೋಡಿಕೊಳ್ಳುತ್ತವೆ.

ನಿವೃತ್ತರಾಗಿ ಊರಿಗೆ ಬಂದವರ ಮೊದಲ ಕೆಲಸ ಈ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಪಡೆಯುವುದು. ಪತಿ ತೀರಿಕೊಂಡಿದ್ದರೆ ಪತ್ನಿ ತನ್ನ ಹೆಸರಿನಲ್ಲೇ ಚೀಟಿ ಪಡೆಯಬಹುದು. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪ್ರತಿ, ಆಧಾರ್, ವಿಳಾಸದ ದಾಖಲೆ, ಭಾವಚಿತ್ರ ಜೊತೆಗಿರಲಿ.

ಹೆಚ್ಚು ತೊಡಕು ಬರುವುದು ಹೆಸರಿನಲ್ಲಿ. ಸೇನಾ ದಾಖಲೆಯಲ್ಲಿ ಇನಿಷಿಯಲ್ ಇದ್ದರೆ ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರಿರುತ್ತದೆ. ಮದುವೆಯ ನಂತರ ಹೆಂಡತಿಯ ಹೆಸರು ಬದಲಾಗಿರುತ್ತದೆ. ಮಗುವಿನ ಜನ್ಮ ದಿನಾಂಕ ಶಾಲೆಯಲ್ಲಿ ಒಂದು, ಸೇನೆಯಲ್ಲಿ ಇನ್ನೊಂದು. ಸೇವೆಯಲ್ಲಿರುವಾಗ ಮದುವೆ, ಹೆರಿಗೆ, ಹೆಸರಿನ ತಿದ್ದುಪಡಿ ಎಲ್ಲವೂ ಯೂನಿಟ್ ಹೊರಡಿಸುವ ‘ಪಾರ್ಟ್ 2 ಆರ್ಡರ್’ ಮೂಲಕ ದಾಖಲಾಗುತ್ತವೆ. ಆಗಲೇ ಮಾಡಿಸಿಕೊಂಡರೆ ಸುಲಭ. ನಿವೃತ್ತಿಯ ನಂತರವಾದರೆ ಜಿಲ್ಲಾ ಸೈನಿಕ ಕಚೇರಿಯ ಮೂಲಕ ತಮ್ಮ ರೆಕಾರ್ಡ್ ಆಫೀಸಿಗೆ ಅಫಿಡವಿಟ್ ಮತ್ತು ಪೂರಕ ದಾಖಲೆ ಕಳುಹಿಸಬೇಕು. ಪತಿ ಸತ್ತ ಮೇಲೆ ಈ ತಿದ್ದುಪಡಿಗೆ ವಿಧವೆಯೊಬ್ಬಳೇ ಓಡಾಡುವಂತೆ ಮಾಡಬೇಡಿ.

ಸರ್ಕಾರಿ ಕೆಲಸದಲ್ಲಿ ಮೀಸಲಾತಿ

ಕರ್ನಾಟಕ ನಾಗರಿಕ ಸೇವೆಗಳ (ಸಾಮಾನ್ಯ ನೇಮಕಾತಿ) ನಿಯಮಗಳು, 1977ರ ಪ್ರಕಾರ ರಾಜ್ಯದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಹುದ್ದೆಗಳು ಮೀಸಲು. ಇದು ಸಮತಲ ಮೀಸಲಾತಿ. ಅಂದರೆ ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹೀಗೆ ಪ್ರತಿ ವರ್ಗದೊಳಗೇ ಈ ಪಾಲು ಸಿಗುತ್ತದೆ. ವಯೋಮಿತಿಯಲ್ಲಿ ಸೇನೆಯಲ್ಲಿ ಕಳೆದ ವರ್ಷಗಳಿಗೆ 3 ವರ್ಷ ಸೇರಿಸಿದಷ್ಟು ಸಡಿಲಿಕೆ ಇದೆ. ಸೇವೆಯಲ್ಲಿರುವಾಗಲೇ ಮಡಿದ ಅಥವಾ ಶಾಶ್ವತವಾಗಿ ಅಂಗವಿಕಲರಾದ ಸೈನಿಕರ ಪತ್ನಿ ಮತ್ತು ಮಕ್ಕಳು ಕೂಡ ಈ ಹುದ್ದೆಗಳಿಗೆ ಅರ್ಜಿ ಹಾಕಬಹುದು. ಪೂರ್ಣಾವಧಿ ಸೇವೆ ಮುಗಿಸಿ ಆರೋಗ್ಯವಾಗಿರುವ ಮಾಜಿ ಸೈನಿಕರ ಮಕ್ಕಳಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ. ಇದನ್ನು ತಪ್ಪಾಗಿ ತಿಳಿದು ಅರ್ಜಿ ಹಾಕಿ ನಿರಾಶರಾಗುವವರಿದ್ದಾರೆ.

ಅರ್ಜಿ ತುಂಬುವಾಗಲೇ ಮಾಜಿ ಸೈನಿಕ ಮೀಸಲಾತಿಯನ್ನು ಕೋರಿರಬೇಕು. ಆಯ್ಕೆಪಟ್ಟಿ ಬಂದ ನಂತರ ಕೋರಿದರೆ ಪರಿಗಣಿಸುವುದಿಲ್ಲ. ಅರ್ಜಿಯ ಕೊನೆಯ ದಿನಾಂಕದೊಳಗೆ ಪ್ರಮಾಣಪತ್ರವೂ ಕೈಯಲ್ಲಿರಬೇಕು. ಆದ್ದರಿಂದ ಅಧಿಸೂಚನೆ ಬರಲೆಂದು ಕಾಯದೆ ಅವಲಂಬಿತರ ಪ್ರಮಾಣಪತ್ರವನ್ನು ಮಾಡಿಸಿಟ್ಟುಕೊಳ್ಳಿ.

ಮಕ್ಕಳ ಓದು

ತಂದೆಯ ವರ್ಗಾವಣೆಯ ಜೊತೆ ಊರೂರು ಸುತ್ತಿ ಓದಿದ ಮಕ್ಕಳಿಗೆ ಸಿಇಟಿಯಲ್ಲಿ ‘ಕರ್ನಾಟಕದಲ್ಲಿ ಏಳು ವರ್ಷ ವ್ಯಾಸಂಗ’ ಎಂಬ ಷರತ್ತು ಅಡ್ಡ ಬರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಬೇರೆಯದೇ ಅರ್ಹತಾ ಷರತ್ತುಗಳಿವೆ. ಸೇನೆಗೆ ಸೇರುವಾಗ ಸ್ವಂತ ಊರೆಂದು ತಂದೆ ಬರೆಸಿದ ಸ್ಥಳ ಇಲ್ಲಿ ಮುಖ್ಯವಾಗುತ್ತದೆ. ವಿಶೇಷ ಪ್ರವರ್ಗದ ಸೀಟುಗಳೂ ಇವೆ. ಅವನ್ನೂ ಅರ್ಜಿಯಲ್ಲೇ ಕೋರಬೇಕು.

ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯಡಿ ವೃತ್ತಿಪರ ಪದವಿ ಓದುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ, ಗಂಡುಮಕ್ಕಳಿಗೆ 2,500 ರೂಪಾಯಿ ದೊರೆಯುತ್ತದೆ. ಪಿಯುಸಿಯಂಥ ಅರ್ಹತಾ ಪರೀಕ್ಷೆಯಲ್ಲಿ ಶೇ 60 ಅಂಕ ಬೇಕು. ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ಅರ್ಜಿ ಹಾಕಿ, ಮೂಲ ದಾಖಲೆಗಳನ್ನು ಜಿಲ್ಲಾ ಸೈನಿಕ ಕಚೇರಿಯಲ್ಲಿ ತೋರಿಸಬೇಕು.

ಕಷ್ಟಕಾಲದ ನೆರವು

ಪ್ರತಿ ವರ್ಷ ಡಿಸೆಂಬರ್ 7ರಂದು ನಾವು ಎದೆಗೆ ಸಿಕ್ಕಿಸಿಕೊಳ್ಳುವ ಧ್ವಜದ ಹಣ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿಗೆ ಸೇರುತ್ತದೆ. ಅದರಿಂದ ಹವಾಲ್ದಾರ್ ದರ್ಜೆಯವರೆಗಿನವರಿಗೆ ಸಿಗುವ ಮುಖ್ಯ ನೆರವುಗಳ ಮೊತ್ತವನ್ನು 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ದುಪ್ಪಟ್ಟು ಮಾಡಲಾಗಿದೆ:

- ಪಿಂಚಣಿಯಾಗಲಿ ಬೇರೆ ಆದಾಯವಾಗಲಿ ಇಲ್ಲದ, 65 ದಾಟಿದ ಮಾಜಿ ಸೈನಿಕರು ಮತ್ತು ವಿಧವೆಯರಿಗೆ ತಿಂಗಳಿಗೆ 8,000 ರೂಪಾಯಿ.
- ಒಂದನೇ ತರಗತಿಯಿಂದ ಪದವಿಯವರೆಗೆ ಓದುವ ಇಬ್ಬರು ಮಕ್ಕಳಿಗೆ ತಲಾ ತಿಂಗಳಿಗೆ 2,000 ರೂಪಾಯಿ; ಸ್ನಾತಕೋತ್ತರ ಓದುವ ವಿಧವೆಯರಿಗೂ ಇಷ್ಟೇ.
- ಇಬ್ಬರು ಹೆಣ್ಣುಮಕ್ಕಳ ಮದುವೆಗೆ ಅಥವಾ ವಿಧವೆಯ ಮರುಮದುವೆಗೆ ತಲಾ 1 ಲಕ್ಷ ರೂಪಾಯಿ. ಮದುವೆಯಾದ 180 ದಿನಗಳೊಳಗೆ ಅರ್ಜಿ ಹಾಕಬೇಕು.

ಎರಡನೇ ಮಹಾಯುದ್ಧ ಕಾಲದವರಿಂದ ಹಿಡಿದು, ಪಿಂಚಣಿಯಿಲ್ಲದೆ ಮನೆಗೆ ಬಂದ ಹಿರಿಯರ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿವೆ. ಅವರ ಪರವಾಗಿ ಅರ್ಜಿ ತುಂಬಿಕೊಡುವುದು ಊರಿನ ಓದಿದ ಮಕ್ಕಳು ಮಾಡಬಹುದಾದ ದೊಡ್ಡ ಸಹಾಯ.

ಜಮೀನಿನ ವಿಷಯದಲ್ಲಿ ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969 ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲು ಮೀಸಲಿಟ್ಟಿವೆ. ಅರ್ಜಿ ತಹಶೀಲ್ದಾರರಿಗೆ. ಆದರೆ ಮಂಜೂರಾತಿಗೆ ಲಭ್ಯ ಸರ್ಕಾರಿ ಜಮೀನು ಇರಬೇಕು. ಮಂಜೂರಾದದ್ದನ್ನು ನಿಗದಿತ ಅವಧಿಯವರೆಗೆ ಪರಭಾರೆ ಮಾಡುವಂತಿಲ್ಲ. ಜಮೀನು ಕೊಡಿಸುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳನ್ನು ಹತ್ತಿರ ಸೇರಿಸಬೇಡಿ.

ಸೇವೆಯಲ್ಲಿರುವಾಗ ಸಾವು ಸಂಭವಿಸಿದರೆ

ಸಾವಿನ ಕಾರಣವನ್ನು ಸೇನೆ ಹೇಗೆ ದಾಖಲಿಸುತ್ತದೆ ಎಂಬುದರ ಮೇಲೆ ಕುಟುಂಬ ಪಿಂಚಣಿ ನಿಂತಿದೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ಸೇವೆಯಲ್ಲಿರುವಾಗಲೇ ಮರಣವಾದರೆ ಮೊದಲ 10 ವರ್ಷ ಶೇ 50. ಸೇವೆಯೇ ಕಾರಣವಾದ ಸಾವಿಗೆ ವಿಶೇಷ ಕುಟುಂಬ ಪಿಂಚಣಿ ಶೇ 60. ಯುದ್ಧ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಮಡಿದರೆ ಉದಾರೀಕೃತ ಕುಟುಂಬ ಪಿಂಚಣಿ, ಅದು ಕೊನೆಯ ವೇತನದಷ್ಟೇ. ಆದ್ದರಿಂದ ಘಟನೆಯ ಬಗ್ಗೆ ನಡೆದ ಕೋರ್ಟ್ ಆಫ್ ಎನ್‌ಕ್ವೈರಿಯ ನಿರ್ಣಯವನ್ನು ಲಿಖಿತವಾಗಿ ಕೇಳಿ.

ರಾಜ್ಯ ಸರ್ಕಾರದ ಪರಿಹಾರ ಧನ ಇದಕ್ಕಿಂತ ಬೇರೆ. ಅದು ಜಿಲ್ಲಾ ಸೈನಿಕ ಕಚೇರಿ ಮತ್ತು ಜಿಲ್ಲಾಡಳಿತದ ಮೂಲಕ ಬರುತ್ತದೆ. ಕರ್ತವ್ಯದಲ್ಲಿ ಮಡಿದ ಸೈನಿಕರ ಕುಟುಂಬದ ಒಬ್ಬರಿಗೆ ಸರ್ಕಾರಿ ನೌಕರಿ ನೀಡುವುದಾಗಿ ರಾಜ್ಯ ಸರ್ಕಾರ 2022ರ ಸ್ವಾತಂತ್ರ್ಯ ದಿನದಂದು ಘೋಷಿಸಿತು. ಅರ್ಹರೆನಿಸಿದವರು ಈ ಬಗ್ಗೆ ಜಿಲ್ಲಾ ಕಚೇರಿಗೆ ಲಿಖಿತ ಮನವಿ ಕೊಡಬೇಕು.

ಹಣ ಯಾರಿಗೆ ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಸೊಸೆ ಮತ್ತು ಅತ್ತೆ ಮಾವಂದಿರ ನಡುವೆ ಬಿರುಕು ತರುತ್ತದೆ. ಕುಟುಂಬ ಪಿಂಚಣಿ ಮೃತರ ಆಸ್ತಿಯಲ್ಲ, ಅದನ್ನು ಉಯಿಲಿನಿಂದ ಬೇರೆಯವರಿಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸ್ಪಷ್ಟಪಡಿಸಿದೆ. ಅದು ಪಿಂಚಣಿ ನಿಯಮದಂತೆ ಮೊದಲು ಪತ್ನಿಗೆ ಸಲ್ಲುತ್ತದೆ. ಬ್ಯಾಂಕ್ ಠೇವಣಿ, ಮನೆ, ಜಮೀನು ಮಾತ್ರ ಉತ್ತರಾಧಿಕಾರ ಕಾನೂನಿನಂತೆ ಹಂಚಿಕೆಯಾಗುತ್ತವೆ. ಉಯಿಲಿಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರಡಿ ಪತ್ನಿ, ಮಕ್ಕಳು ಮತ್ತು ತಾಯಿಗೆ ಸಮಪಾಲು. ಅವರಿರುವಾಗ ತಂದೆಗೆ ಪಾಲು ಬರುವುದಿಲ್ಲ. ವೃದ್ಧ ತಂದೆಯ ಜವಾಬ್ದಾರಿ ಹೊತ್ತ ಸೈನಿಕರು ಉಯಿಲು ಬರೆದಿಡುವುದು ಒಳ್ಳೆಯದು.

ಗಡಿಯಲ್ಲಿರುವವರ ಮೇಲೆ ಊರಿನಲ್ಲಿ ವ್ಯಾಜ್ಯ

ಯೋಧ ಗಡಿಯಲ್ಲಿದ್ದಾಗ ದಾಯಾದಿಗಳು ದಾವೆ ಹೂಡಿ ಏಕಪಕ್ಷೀಯ ಡಿಕ್ರಿ ಪಡೆಯುವುದನ್ನು ತಡೆಯಲೆಂದೇ ಭಾರತೀಯ ಸೈನಿಕರ (ವ್ಯಾಜ್ಯ) ಕಾಯ್ದೆ, 1925 ಇದೆ. ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿದ್ದಾರೆಂದು ಸೇನಾ ಪ್ರಾಧಿಕಾರ ಪ್ರಮಾಣಪತ್ರ ಕೊಟ್ಟರೆ ಸಿವಿಲ್ ಮತ್ತು ಕಂದಾಯ ನ್ಯಾಯಾಲಯಗಳು ವಿಚಾರಣೆ ಮುಂದೂಡಬೇಕು. ಆಗ ಬಂದ ಡಿಕ್ರಿಯನ್ನು ರದ್ದುಪಡಿಸುವಂತೆ ಕೋರಬಹುದು; ಕಾಲಮಿತಿಯ ಲೆಕ್ಕದಿಂದ ಆ ಅವಧಿಯನ್ನು ಕಳೆಯಲೂ ಅವಕಾಶವಿದೆ. ರಜೆ ಸಿಗದ ಸೈನಿಕರು ತಮ್ಮ ಪರವಾಗಿ ದಾವೆ ನಡೆಸಲು ಪತ್ನಿಗೋ ತಂದೆಗೋ ಅಧಿಕಾರ ನೀಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಆದೇಶದಂತೆ ಆ ಪತ್ರಕ್ಕೆ ಕಮಾಂಡಿಂಗ್ ಅಧಿಕಾರಿಯ ಎದುರು ಸಹಿ ಹಾಕಿದರೆ ಸಾಕು.

ಅರ್ಜಿ ತಿರಸ್ಕೃತವಾದರೆ

1. ಅರ್ಜಿ ಕೊಟ್ಟಾಗಲೇ ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣಸಹಿತ ಹಿಂಬರಹ ಕೇಳಿ. ಹಿಂಬರಹವಿಲ್ಲದೆ ಮೇಲ್ಮನವಿಗೆ ಬಲ ಬರುವುದಿಲ್ಲ.
2. ಸಕಾಲ ಪಟ್ಟಿಯಲ್ಲಿರುವ ಸೇವೆಯಾದರೆ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಮೇಲ್ಮನವಿಯ ಹಕ್ಕೂ ಇವೆ.
3. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕಡತದ ಪ್ರತಿ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು.
4. ಪಿಂಚಣಿ, ಅಂಗವೈಕಲ್ಯ ಮುಂತಾದ ಸೇನಾ ಸೇವಾ ವಿಷಯಗಳಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಸಕಾರಣವಿದ್ದರೆ ವಿಳಂಬ ಮನ್ನಾ ಆಗಬಹುದು.
5. ರಾಜ್ಯದ ನೇಮಕಾತಿ ವಿವಾದಕ್ಕೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಮಾರ್ಗಸೂಚಿಯೇ ಸಂವಿಧಾನಕ್ಕೆ ವಿರುದ್ಧವಾಗಿದ್ದರೆ 226ನೇ ವಿಧಿಯಡಿ ಹೈಕೋರ್ಟ್.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಪ್ರಕರಣದಂತೆ ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯಬಹುದು. 2025ರ ಕಾರ್ಗಿಲ್ ವಿಜಯ ದಿನದಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕ ಕುಟುಂಬಗಳಿಗಾಗಿಯೇ ‘ವೀರ ಪರಿವಾರ ಸಹಾಯತಾ ಯೋಜನೆ’ ಆರಂಭಿಸಿದೆ. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವು ಕೇಂದ್ರ ತೆರೆದು ವಕೀಲರನ್ನು ಒದಗಿಸುವುದು ಅದರ ಉದ್ದೇಶ. 15100ಕ್ಕೆ ಕರೆ ಮಾಡಿದರೂ ಮಾರ್ಗದರ್ಶನ ಸಿಗುತ್ತದೆ.

ಮನೆಯಲ್ಲಿ ಸೈನಿಕರಿದ್ದರೆ ಮುಂದಿನ ರಜೆಯಲ್ಲಿ ಒಂದು ಮಧ್ಯಾಹ್ನ ಇದಕ್ಕೆಂದು ಎತ್ತಿಡಿ. ಗಂಡ ಹೆಂಡತಿ ಜೊತೆಗೆ ಕುಳಿತು ಪಾರ್ಟ್ 2 ಆರ್ಡರ್, ನಾಮನಿರ್ದೇಶನ, ಬ್ಯಾಂಕ್ ಖಾತೆ, ಮಕ್ಕಳ ಜನನ ಪ್ರಮಾಣಪತ್ರ ಎಲ್ಲದರಲ್ಲೂ ಹೆಸರು ಮತ್ತು ದಿನಾಂಕ ಒಂದೇ ಇವೆಯೇ ಎಂದು ನೋಡಿ. ತಪ್ಪಿದ್ದರೆ ಅವರು ಯೂನಿಟ್‌ಗೆ ಮರಳಿದ ಕೂಡಲೇ ತಿದ್ದಿಸಲಿ. ಎಲ್ಲದರ ಒಂದೊಂದು ಜೆರಾಕ್ಸ್ ಪ್ರತಿ ಊರಿನ ಮನೆಯಲ್ಲೂ ಇರಲಿ, ಅದು ಎಲ್ಲಿದೆ ಎಂದು ಹೆಂಡತಿಗೆ ತಿಳಿದಿರಲಿ.